ನಾಲ್ಕು ಒಲೆಯ ಒಂದು ತಟ್ಟೆ

ಕಳೆದ ಭಾನುವಾರ ಕೊಚ್ಚಿಯ ವೈಟ್ಟಿಲದ ಹತ್ತಿರ ಹೊಸದಾಗಿ ತೆರೆದ ಒಂದು ಹೋಟೆಲಿಗೆ ಮಗಳು ವೀಣಾ ನನ್ನನ್ನು ಕರೆದುಕೊಂಡು ಹೋದಳು. ಮಾಣಿ ಬಂದು ನನ್ನ ಮುಂದೆ ಗಾಡಿಯ ಚಕ್ರದಷ್ಟು ದೊಡ್ಡ ತಟ್ಟೆ ಇಟ್ಟ. ಅಂಚಿನುದ್ದಕ್ಕೂ ಹನ್ನೊಂದು ಬಟ್ಟಲು. ಗುಜರಾತಿನ ಕಢಿ, ಪಂಜಾಬಿನ ಕಾಳು, ಬಂಗಾಳದ ಸಿಹಿ, ಇವುಗಳ ನಡುವೆ ನಮ್ಮ ಕಡೆಯ ಬಿಸಿಬೇಳೆಬಾತು ಒಂದು ಹಿಡಿ, ಮದುವೆಮನೆಗೆ ಕರೆಯದೆ ಬಂದ ನೆಂಟರ ಹಾಗೆ ಮುದುಡಿಕೊಂಡು ಕೂತಿತ್ತು. "ಅಜ್ಜೀ, ತಿನ್ನಬೇಡ, ಒಂದು ಫೋಟೋ!" ಎಂದು ಮೊಮ್ಮಗಳು ಕೈ ಹಿಡಿದಳು. ಅವಳು ಫೋಟೋ ತೆಗೆಯುವಷ್ಟರಲ್ಲಿ ನಾನು ಕಢಿಯ ಬಟ್ಟಲನ್ನು ಮೂಗಿನ ಹತ್ತಿರ ತಂದಿದ್ದೆ. ಹುಳಿಮಜ್ಜಿಗೆ, ಬೆಲ್ಲ, ತುಪ್ಪದಲ್ಲಿ ಸಿಡಿದ ಲವಂಗ. ಅಷ್ಟೇ. ಬಟ್ಟಲು ಅಲ್ಲೇ ನಿಂತಿತು. ನಾನು ಕೊಚ್ಚಿಯಲ್ಲಿರಲಿಲ್ಲ, ತಿರುವನಂತಪುರದ ಉಳ್ಳೂರಿನಲ್ಲಿದ್ದೆ. ಹೊರಗೆ ಜಡಿಮಳೆ, ಒಳಗೆ ಹಿಂಬದಿಯ ಕೋಣೆಯಲ್ಲಿ ಸುಮತಿ.

"ಯಾಕೆ ಅಮ್ಮಾ, ಚೆನ್ನಾಗಿಲ್ಲವಾ?" ಎಂದಳು ಮಗಳು.

"ಚೆನ್ನಾಗಿದೆ. ಉಪ್ಪಿದೆ," ಎಂದೆ. ಅವಳಿಗೆ ಗೊತ್ತಾಯಿತು. ಸುಮತಿ ಬಂದ ವರ್ಷ ಅವಳು ನಾಲ್ಕನೇ ಕ್ಲಾಸು.

ಈ ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಕಲಿಸಿ ಮೂರು ವಾರವಾಯಿತು. ಅವಳಿಗೆ ಕನ್ನಡ ಓದಲು ಬಾರದು, ಕಲಿಸಲು ಮಾತ್ರ ಬಂತು. ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೇನೆ, ಆದ್ದರಿಂದ ಚುಟುಕಾಗಿ ಹೇಳಬೇಕು ಅಂದುಕೊಂಡಿದ್ದೇನೆ. ನನ್ನನ್ನು ಬಲ್ಲವರು ಈಗಲೇ ನಗುತ್ತಿರಬಹುದು.

ತೊಂಬತ್ತರ ದಶಕದ ನಡುವಿನ ಮಾತು. ನಾವು ಮೈಸೂರು ಕಡೆಯವರು. ನಮ್ಮ ಯಜಮಾನರು ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿದ್ದರು. ರಾಕೆಟ್ಟು ಹಾರಿಸುವವರ ಪೈಕಿ ಅಲ್ಲ. ಹಾರಿಸುವವರ ರಜೆ, ಫೈಲು, ಕುರ್ಚಿ ಸರಿಯಾಗಿವೆಯೇ ಎಂದು ನೋಡುವವರ ಪೈಕಿ. ಆ ವರ್ಷ ಅವರನ್ನು ಕೊಚ್ಚಿಯ ಕಚೇರಿಗೆ ಕೆಲವು ತಿಂಗಳು ಕಳಿಸಿದ್ದರು. ಶನಿವಾರ ಮಧ್ಯಾಹ್ನ ರೈಲಿಳಿದು ಬರುವುದು, ಭಾನುವಾರ ಹೊರಡುವುದು. ವಾರದಲ್ಲಿ ಐದು ದಿನ ನಾನು, ಮಗಳು, ಮಳೆ.

ನಮ್ಮದು ಮಹಡಿ ಮನೆ. ಕೆಳಗೆ ಮನೆಯೊಡತಿ ದೇವಕಿಯಮ್ಮ, ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತರಾದವರು. ಇಡೀ ಬೀದಿಗೆ ಅವರು ಟೀಚರ್. ಮಹಡಿಯಲ್ಲಿ ನಮ್ಮ ಎದುರು ಬಾಗಿಲು ಗುಜರಾತಿನ ಹಂಸಾಬೆನ್‌ದು. ಅವರ ಗಂಡನೂ ನಮ್ಮವರ ಸಂಸ್ಥೆಯೇ. ಪಕ್ಕದ ಮನೆಯಲ್ಲಿ ಧಾರವಾಡದ ಗಂಗಕ್ಕ, ನನಗಿಂತ ಹತ್ತು ವರ್ಷ ದೊಡ್ಡವರು, ನನಗಿಂತ ಹತ್ತು ಪಟ್ಟು ಬಾಯಿ. ಟೀಚರ್ ಮನೆಯ ಹಿಂಬದಿಯಲ್ಲಿ ಒಂದು ಕೋಣೆಯಿತ್ತು. ಆಸ್ಪತ್ರೆ ಹತ್ತಿರವಿದ್ದುದರಿಂದ ರೋಗಿಗಳ ಕಡೆಯವರು ಬಂದು ಆ ಕೋಣೆಯಲ್ಲಿ ಇರುತ್ತಿದ್ದರು. ಉಳ್ಳೂರಿನಲ್ಲಿ ಮನೆ ಮಾಡಿದವರೆಲ್ಲ ಅರ್ಧ ನರ್ಸುಗಳೇ.

ಮಳೆ ಹಿಡಿದ ಎರಡನೇ ವಾರ ಕಾಸರಗೋಡಿನಿಂದ ಸುಮತಿ ಮತ್ತು ಅವಳ ಗಂಡ ಗೋವಿಂದಣ್ಣ ಬಂದರು. ಗೋವಿಂದಣ್ಣ ಕೋರ್ಟಿನಲ್ಲಿ ಗುಮಾಸ್ತರು. ಮಲಯಾಳ ನೀರು ಕುಡಿದ ಹಾಗೆ ಮಾತಾಡುವರು, ಆದರೆ ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ಬ್ಯಾಗು ಕೆಳಗಿಟ್ಟು, ಕಟಕಟೆಯಲ್ಲಿ ನಿಂತ ಹಾಗೆ ನೆಟ್ಟಗೆ ನಿಂತರು. "ಅಕ್ಕ, ಒಂದು ವಿಷಯ ನಿಮ್ಮ ಗಮನಕ್ಕೆ ತರುವುದುಂಟು. ಇವಳು ಊಟ ಮಾಡುದಿಲ್ಲ."

ಸುಮತಿಗೆ ಮೂವತ್ತೆಂಟೋ ಮೂವತ್ತೊಂಬತ್ತೋ. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಹೋಗುವಾಗ ಹೃದಯದ ಒಂದು ವಾಲ್ವು ಕೆಡಿಸಿಟ್ಟು ಹೋಗಿತ್ತಂತೆ. ಈಗ ಅದನ್ನು ಬದಲಾಯಿಸಬೇಕು. ಆದರೆ ಆಸ್ಪತ್ರೆಯ ದೊಡ್ಡ ಡಾಕ್ಟರು ಅವಳನ್ನು ನೋಡಿ ಕನ್ನಡಕ ತೆಗೆದಿಟ್ಟರಂತೆ. "ಇಷ್ಟು ಒಣಗಿದವರನ್ನು ಟೇಬಲ್ ಮೇಲೆ ಮಲಗಿಸಲು ನನಗೆ ಧೈರ್ಯವಿಲ್ಲ. ಸ್ವಲ್ಪ ಮೈ ಹಿಡಿಯಲಿ. ಚೆನ್ನಾಗಿ ತಿನ್ನಿಸಿ. ಆದರೆ ಉಪ್ಪು ಮಾತ್ರ ಬೇಡವೇ ಬೇಡ." ಹದಿನೈದು ದಿನಕ್ಕೊಮ್ಮೆ ತೂಕ ನೋಡುವುದು, ಮೈ ತುಂಬಿದರೆ ಆಪರೇಶನ್, ಇಲ್ಲದಿದ್ದರೆ ಇಲ್ಲ. ಇಲ್ಲ ಎಂದರೆ ಏನು ಎಂದು ಗೋವಿಂದಣ್ಣ ಹೇಳಲಿಲ್ಲ, ನಾನು ಕೇಳಲಿಲ್ಲ.

ನಾನು ಯಾರು? ಮೈಸೂರು ಕಡೆಯ ಹೆಂಗಸು. ಉಣ್ಣದವರನ್ನು ಉಣ್ಣಿಸುವುದು ನಮಗೆ ಕುಸ್ತಿ ಇದ್ದ ಹಾಗೆ. ಮರುದಿನವೇ ತಟ್ಟೆಯ ತುಂಬ ಅನ್ನ ಬಡಿಸಿ, ನಡುವೆ ಗುಳಿ ಮಾಡಿ ಸಾರು ಹುಯ್ದು, ತುಪ್ಪ ಬಿಟ್ಟು ಕೆಳಗೆ ಒಯ್ದೆ. ಸುಮತಿ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಕೈಗಳು ಒಣಗಿದ ಕಡ್ಡಿ, ಕಣ್ಣು ಮಾತ್ರ ದೊಡ್ಡವು. ಆ ಅನ್ನದ ಗುಡ್ಡವನ್ನು ಅವಳು ನೋಡಿದ ರೀತಿ! ಅದನ್ನು ಹತ್ತಿ ಇಳಿಯಬೇಕು ಎಂದು ಯಾರೋ ಹೇಳಿದ ಹಾಗೆ. ಎರಡು ತುತ್ತು ಬಾಯಿಗಿಟ್ಟು, "ಸಾಕು ಅಕ್ಕ, ಗಂಟಲಲ್ಲಿ ಇಳಿಯುದಿಲ್ಲ," ಎಂದಳು. ಉಪ್ಪಿಲ್ಲದ ಸಾರು ಯಾರ ಗಂಟಲಲ್ಲಿ ಇಳಿಯುತ್ತದೆ? ನಾನೇ ರುಚಿ ನೋಡಿ ಬಚ್ಚಲಿಗೆ ಓಡಿದ್ದೆ.

ನಾಲ್ಕು ದಿನ ಹೀಗೇ ಹೋಯಿತು. ಐದನೇ ದಿನ ಹಂಸಾಬೆನ್ ಒಂದು ಪುಟ್ಟ ಬಟ್ಟಲಿನಲ್ಲಿ ಕಢಿ ತಂದುಕೊಟ್ಟರು. "ಉಪ್ಪು ಹಾಕಿಲ್ಲ ಬೆನ್, ಬೆಲ್ಲ ಜಾಸ್ತಿ ಹಾಕಿದೀನಿ. ಕೊಟ್ಟು ನೋಡಿ." ತಟ್ಟೆಯ ಪಕ್ಕದಲ್ಲಿ ಅದನ್ನೂ ಇಟ್ಟೆ. ವಾಪಸು ತರಲು ಹೋದಾಗ ಅನ್ನ ಇದ್ದ ಹಾಗೇ ಇತ್ತು, ಕಢಿಯ ಬಟ್ಟಲು ಖಾಲಿ.

"ಇದು ಇಷ್ಟೇ ಇಷ್ಟು ಇತ್ತಲ್ಲ," ಎಂದಳು ಸುಮತಿ, ತಪ್ಪು ಮಾಡಿದವಳ ಹಾಗೆ. "ಸಣ್ಣದಾದ್ರೆ ಹೆದರಿಕೆ ಆಗುದಿಲ್ಲ."

ಮೆಟ್ಟಿಲು ಹತ್ತುತ್ತ ಅದನ್ನೇ ಯೋಚಿಸಿದೆ. ಅವಳಿಗೆ ಗುಡ್ಡ ಬೇಡ, ಚೂರು ಬೇಕು. ಒಂದು ಹಿಡಿ ಅದು, ಒಂದು ಚಮಚ ಇದು, ನಾಲಿಗೆಗೆ ಬೇಜಾರಾಗುವ ಮುಂಚೆ ಇನ್ನೊಂದು. ಅದನ್ನೆಲ್ಲ ಒಬ್ಬಳೇ ಮಾಡುವುದು ಹೇಗೆ? ಗಂಗಕ್ಕನಿಗೆ ಹೇಳಿದೆ. ಅವರು ಸೆರಗು ಸಿಕ್ಕಿಸಿಕೊಂಡೇ ಉತ್ತರ ಕೊಟ್ಟರು.

"ನಾನು ಆವತ್ತೇ ಹೇಳಾಕಿ ಇದ್ದೆ ವೈನಿ. ನೀವು ಅನ್ನ ಬಡಸೂದು ನೋಡಿದ್ರ ಗಟ್ಟಿ ಇದ್ದಾವ್ರಿಗೇ ಜ್ವರ ಬರ್ತಾವ. ನಾಲ್ಕು ಮನಿ ಅದಾವ, ನಾಲ್ಕು ಒಲಿ ಅದಾವ. ಒಬ್ಬೊಬ್ರು ಎರಡೆರಡು ಬಟ್ಟಲಾ ಕೊಟ್ರ ಎಂಟಾತು. ರಾಜನ ಊಟಾ ಆತು, ಹೌದಲ್ಲೊ?"

ಹಂಸಾಬೆನ್ ಮದುವೆಯಲ್ಲಿ ಬಂದ ದೊಡ್ಡ ಸ್ಟೀಲ್ ತಟ್ಟೆ ಕೊಟ್ಟರು. ಬಟ್ಟಲು ಸಾಲದೆ ಗಂಗಕ್ಕನೂ ನಾನೂ ಒಂದೇ ಕೊಡೆಯಲ್ಲಿ ಚಾಲೈ ಪೇಟೆಗೆ ಹೋಗಿ, ಅಂಗಡಿಯವನ ತಲೆ ತಿಂದು, ಆಡುವ ಮಕ್ಕಳ ಸಾಮಾನಿನಷ್ಟು ಚಿಕ್ಕ ಬಟ್ಟಲು ಆರಿಸಿ ತಂದೆವು. ಅವನು ಮನೆಯಲ್ಲಿ ಮಗು ಎಷ್ಟು ತಿಂಗಳದು ಎಂದು ಕೇಳಿದ. "ಮೂವತ್ತೆಂಟು ವರ್ಷದ್ದು," ಎಂದರು ಗಂಗಕ್ಕ, ಕನ್ನಡದಲ್ಲೇ.

ತಟ್ಟೆ ಬಂತು, ಬಟ್ಟಲು ಬಂತು, ಜಗಳವೂ ಬಂತು. ಯಾವುದನ್ನು ಎಲ್ಲಿಡಬೇಕು? ಹಂಸಾಬೆನ್ ಪ್ರಕಾರ ಬಟ್ಟಲು ಬಲಗಡೆಯಿಂದ ಶುರುವಾಗಿ ಅಂಚಿನ ಸುತ್ತ ಹೋಗಬೇಕು. ಟೀಚರ್ ಬಿಲ್‌ಕುಲ್ ಒಪ್ಪಲಿಲ್ಲ. ತಟ್ಟೆಯಾದರೇನು, ಎಲೆ ಅಂತಲೇ ತಿಳಿಯಬೇಕು, ತುದಿ ಎಡಕ್ಕೆ, ಒಣ ಪದಾರ್ಥವೂ ಎಡಕ್ಕೆ. ಗಂಗಕ್ಕ ರೊಟ್ಟಿ ನಡುವೆ ಇರಬೇಕು, ಉಳಿದದ್ದು ಎಲ್ಲಿ ಬಿದ್ದರೂ ನಡೆಯುತ್ತದೆ ಎಂದರು. ಟೀಚರ್ ಹಾಗಲಕಾಯಿ ಮಾಡುತ್ತೇನೆ ಎಂದಾಗ ನಾನು ಕೂಗಿಯೇಬಿಟ್ಟೆ: "ಅಯ್ಯೋ, ಅದು ನಮ್ಮಲ್ಲಿ ತಿಥಿಗೆ!"

"ಮೋಳೇ," ಎಂದರು ಟೀಚರ್, ಮಗಳೇ ಎನ್ನುವ ಆ ಕರೆಯಲ್ಲೇ ಬೆತ್ತವೂ ಇತ್ತು, "ನಮ್ಮಲ್ಲಿ ಅದು ಮದುವೆಗೆ."

ಕೊನೆಗೆ, ತಟ್ಟೆ ಜೋಡಿಸುವುದು ನನ್ನ ಮನೆಯಲ್ಲಿ, ಬಡಿಸುವ ಕೈ ನನ್ನದು, ಆದ್ದರಿಂದ ನನ್ನ ಕ್ರಮವೇ ಎಂದು ತೀರ್ಮಾನವಾಯಿತು. ನಾನೇ ತೀರ್ಮಾನ ಮಾಡಿದೆ. ಎಡಗಡೆಯ ಮೇಲುಮೂಲೆಯಿಂದ ಹೊರಟು ಬಲಕ್ಕೆ ಬರುವುದು, ನಮ್ಮ ಅತ್ತೆ ಕಲಿಸಿದ್ದು. ಮದುವೆಯಾದಂದಿನಿಂದ ಅದೇ ಕೈ, ಅದೇ ದಾರಿ.

ದಿನಾ ಹನ್ನೆರಡೂವರೆಗೆ ಬಟ್ಟಲುಗಳು ನಮ್ಮ ಅಡುಗೆಮನೆಗೆ ಬಂದು ಸೇರುತ್ತಿದ್ದವು. ಹಂಸಾಬೆನ್‌ರ ಕಢಿ, ತೆಳ್ಳನೆಯ ಖಾಖ್ರಾ. ಗಂಗಕ್ಕನ ಅಂಗೈಯಗಲದ ಜೋಳದ ರೊಟ್ಟಿ. ಜೋಳದ ಹಿಟ್ಟು ಚಾಲೈಯಲ್ಲೂ ಸಿಗದೆ ಊರಿನಿಂದ ರೈಲಿನಲ್ಲಿ ಬರುತ್ತಿತ್ತು. ಟೀಚರ್‌ದು ತೆಂಗಿನಹಾಲಿನಲ್ಲಿ ಬೆಂದ ಬೂದುಗುಂಬಳದ ಓಲನ್, ಮೇಲೆ ಹಸಿ ಕೊಬ್ಬರಿ ಎಣ್ಣೆ. ನನ್ನದು ಕೋಸಂಬರಿ, ಮೆಂತ್ಯಸೊಪ್ಪಿನ ಪಲ್ಯ, ಒಂದು ಸೌಟು ಅನ್ನ. ಯಾವುದಕ್ಕೂ ಉಪ್ಪಿಲ್ಲ. ನಾನು ತಟ್ಟೆ ಜೋಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಕೆಳಗೆ ಒಯ್ದು ಸುಮತಿಯ ಮುಂದಿಟ್ಟು ಬರುತ್ತಿದ್ದೆ. ಯಾರಾದರೂ ನೋಡುತ್ತಾ ಕೂತರೆ ಅವಳಿಗೆ ಉಣ್ಣಲಾಗುತ್ತಿರಲಿಲ್ಲ. ಆ ಹೊತ್ತಿಗೆ ಗೋವಿಂದಣ್ಣ ಮೇಲೆ ಬಂದು ನಮ್ಮನೆಯಲ್ಲಿ ಊಟಕ್ಕೆ ಕೂರುವರು, ಕೆಳಗಿನ ತಟ್ಟೆಯ ಸಪ್ಪಳಕ್ಕೆ ಕಿವಿಗೊಟ್ಟುಕೊಂಡು.

ಮೊದಲ ದಿನ ಅರ್ಧ ಉಂಡಳು. ಮೂರನೇ ದಿನ ತಟ್ಟೆ ಬರಿದಾಯಿತು. ಒಂದು ವಾರದಲ್ಲಿ, "ನಾಳೆ ಓಲನ್ ಉಂಟಾ?" ಎಂದು ಕೇಳುವಷ್ಟಾಯಿತು. ನಾವು ನಾಲ್ವರೂ ಹಿಗ್ಗಿ ಹೀರೇಕಾಯಿಯಾದೆವು. ಪ್ರತಿಯೊಬ್ಬರಿಗೂ ಒಳಗೊಳಗೇ ಗೊತ್ತು, ಅವಳು ಉಣ್ಣುತ್ತಿರುವುದು ನನ್ನ ಬಟ್ಟಲಿನಿಂದಾಗಿಯೇ ಎಂದು. "ಜ್ವಾಳದ ಶಕ್ತಿ ರೀ ಅದು," ಎನ್ನುವರು ಗಂಗಕ್ಕ. ಟೀಚರ್ ಏನೂ ಅನ್ನದೆ ಮುಗುಳ್ನಗುವರು, ಅದು ಇನ್ನೂ ಜಂಬ.

ಹದಿನೈದು ದಿನಕ್ಕೆ ತೂಕ ನೋಡಿ ಬಂದ ಗೋವಿಂದಣ್ಣ ಗೇಟಿನಿಂದಲೇ ಕೈಯೆತ್ತಿ ಮೂರು ಬೆರಳು ತೋರಿಸಿದರು. ಮೂರು ಕಿಲೋ! ಹಂಸಾಬೆನ್ ಅಲ್ಲೇ ಚಪ್ಪಾಳೆ ತಟ್ಟಿದರು. ಜೂನಿಯರ್ ಡಾಕ್ಟರು ತೂಕ ಬರೆದುಕೊಂಡು, ಮುಂದಿನ ವಾರ ದೊಡ್ಡವರು ನೋಡಿ ತಾರೀಖು ಕೊಡುತ್ತಾರೆ ಎಂದಿದ್ದರಂತೆ.

ಆ ಮುಂದಿನ ವಾರ ನಾನೂ ಜೊತೆಗೆ ಹೋದೆ, ತಾರೀಖು ಕೇಳಿ ಬಂದು ಎಲ್ಲರಿಗೂ ಹೇಳುವ ಆಸೆಯಿಂದ. ದೊಡ್ಡ ಡಾಕ್ಟರು ತೂಕದ ಚೀಟಿ ನೋಡಲೇ ಇಲ್ಲ. ಸುಮತಿಯ ಸೀರೆಯಂಚು ಸ್ವಲ್ಪ ಮೇಲೆತ್ತಿ, ಪಾದದ ಗಂಟಿನ ಹತ್ತಿರ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರು. ಅಲ್ಲಿ ಗುಳಿ ಬಿತ್ತು. ಅದು ತುಂಬಲೇ ಇಲ್ಲ. ನಾದಿದ ಹಿಟ್ಟಿನ ಮೇಲೆ ಬೆರಳು ಒತ್ತಿದ ಹಾಗೆ.

"ಇದು ಮೈಯಲ್ಲ," ಎಂದರು ಅವರು. "ನೀರು. ಇವರಿಗೆ ಉಪ್ಪು ಕೊಡುತ್ತಿದ್ದೀರಿ."

"ಇಲ್ಲ ಸಾರ್," ಎಂದರು ಗೋವಿಂದಣ್ಣ. "ಸತ್ಯವಾಗಿ ಇಲ್ಲ."

"ಎಲ್ಲಿಂದಲೋ ಹೋಗುತ್ತಿದೆ. ಪತ್ತೆ ಮಾಡಿ. ಈ ಸ್ಥಿತಿಯಲ್ಲಿ ನಾನು ಕೈ ಹಾಕುವುದಿಲ್ಲ. ಇನ್ನೂ ನೀರು ತುಂಬಿದರೆ ಆಪರೇಶನ್ನಿನವರೆಗೂ ಬರುವುದಿಲ್ಲ."

ಆಟೋ ಹಿಡಿದು ವಾಪಸು ಹೊರಟೆವು. ಸುಮತಿ ಮಳೆಯ ಪರದೆಯ ಸಂದಿಯಿಂದ ಹೊರಗೆ ನೋಡುತ್ತಿದ್ದಳು. ನಮ್ಮ ಮೂರು ಕಿಲೋ ಅವಳ ಕಾಲಲ್ಲಿ ನೀರಾಗಿ ನಿಂತಿತ್ತು.

ಪತ್ತೆ ಮಾಡುವ ಕೆಲಸ ನಾನೇ ತೆಗೆದುಕೊಂಡೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪ್ರತಿಯೊಂದು ಬಟ್ಟಲಿಗೂ ಬೆರಳದ್ದಿ ನೆಕ್ಕಿದೆ. ಗಂಗಕ್ಕನನ್ನು ಕೇಳಿದೆ, "ನನ್ನ ಮ್ಯಾಲ ಸಂಶೇ ಏನ್ರಿ? ಜ್ವಾಳದ ರೊಟ್ಟಿಗೆ ಯಾವ ಪುಣ್ಯಾತ್ಗಿತ್ತಿ ಉಪ್ಪು ಹಾಕ್ತಾಳ?" ಎಂದು ಬೈಸಿಕೊಂಡೆ. ಟೀಚರನ್ನು ಕೇಳುವ ಧೈರ್ಯ ಬರಲಿಲ್ಲ. ಉಳಿದದ್ದು ಖಾಖ್ರಾ. ಹಪ್ಪಳದಂಥದ್ದು, ಹಪ್ಪಳವೆಂದರೆ ಉಪ್ಪು. ಎದುರು ಬಾಗಿಲು ತಟ್ಟಿ ನೇರವಾಗಿ ಕೇಳಿದೆ. "ಹಂಸಾಬೆನ್, ನಿಜ ಹೇಳಿ. ಒಂದು ಚಿಟಿಕೆಯೂ ಹಾಕಿಲ್ಲವಾ? ಕೈತಪ್ಪಿ?"

ಅವರು ನನ್ನನ್ನೇ ನೋಡಿದರು. ಕೈ ತುಂಬ ಹಿಟ್ಟು. "ನನ್ನ ಮಕ್ಕಳ ಆಣೆ, ಬೆನ್," ಎಂದರು. ಬಾಗಿಲು ಮೆಲ್ಲಗೆ ಹಾಕಿಕೊಂಡರು. ಮರುದಿನ ಎದುರು ಮನೆಯಿಂದ ಬಟ್ಟಲು ಬರಲಿಲ್ಲ.

ಅದರ ಮರುದಿನ ಶಾಲೆಗೆ ಮಳೆಯ ರಜೆ. ವೀಣಾ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ನಾನು ತಟ್ಟೆ ಜೋಡಿಸುತ್ತ, ಖಾಖ್ರಾದ ಜಾಗ ಖಾಲಿ ಬಿಟ್ಟು, ಒಬ್ಬಳೇ ಗೊಣಗುತ್ತಿದ್ದೆ. "ಎಲ್ಲಿಂದ ಹೋಗ್ತಿದೆ ಈ ಹಾಳು ಉಪ್ಪು, ಎಲ್ಲಿಂದ?"

"ಅಮ್ಮೇ," ಎಂದಳು ಮಗಳು. ನಾನು ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ಮಲಯಾಳದಲ್ಲೇ. "ಅದು ಉಪ್ಪಲ್ಲೇ?"

ಅದು ಉಪ್ಪಲ್ಲವೇ ಎಂದು ತಟ್ಟೆಯ ಕಡೆ ಬೆರಳು ಮಾಡಿದಳು. ಎಡಗಡೆಯ ಮೇಲುಮೂಲೆಯಲ್ಲಿ ಬೆಳ್ಳಗೆ ಒಂದು ಚಿಟಿಕೆ. ನನ್ನ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರಲ್ಲೂ ಇನ್ನೂ ಹರಳು ಅಂಟಿಕೊಂಡಿತ್ತು.

ನಮ್ಮ ಕಡೆ ಎಲೆ ಹಾಕಿದರೆ ಮೊದಲು ಬೀಳುವುದೇ ಉಪ್ಪು. ಎಡಮೂಲೆಯಲ್ಲಿ ಒಂದು ಚಿಟಿಕೆ, ಆಮೇಲೆ ಮಿಕ್ಕಿದ್ದು. ಮದುವೆಯಾದ ಹೊಸದರಲ್ಲಿ ಒಮ್ಮೆ ಮರೆತು, ಹನ್ನೆರಡು ಜನರ ಪಂಕ್ತಿಯೆದುರು ಅತ್ತೆಯಿಂದ ಬೈಸಿಕೊಂಡಿದ್ದೆ. ಮತ್ತೆಂದೂ ಮರೆತಿರಲಿಲ್ಲ. ಅಂದು ಅಷ್ಟೆಲ್ಲ ಎಡ ಬಲ ಎಂದು ಜಗಳವಾಡಿದೆವಲ್ಲ, ಉಪ್ಪಿನ ಮಾತು ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ಅಡುಗೆಗೆ ಉಪ್ಪು ಹಾಕಬಾರದು ಎಂದು ತಲೆಗೆ ಗೊತ್ತಿತ್ತು. ಕೈಗೆ ಯಾರೂ ಹೇಳಿರಲಿಲ್ಲ.

ಒಂದು ಸತ್ಯ ಹೇಳಿಬಿಡುತ್ತೇನೆ. ಮೊದಲು ಬಂದ ಯೋಚನೆ ಒಳ್ಳೆಯದಾಗಿರಲಿಲ್ಲ. ಆ ಚಿಟಿಕೆಯನ್ನು ಒರೆಸಿ ಹಾಕಿದರೆ ಮುಗಿಯಿತು. ಊತ ತಾನೇ ಇಳಿಯುತ್ತದೆ, ಎಲ್ಲರೂ ಖಾಖ್ರಾದ ಮೇಲೆ ಹಾಕಿ ಮರೆಯುತ್ತಾರೆ. ಕಂಡವಳು ಒಂಬತ್ತು ವರ್ಷದ ಮಗಳು, ಒಂದು ಲಾಡುಂಡೆಗೆ ಬಾಯಿ ಮುಚ್ಚುವವಳು. ಬಟ್ಟೆ ತೆಗೆದು ತಟ್ಟೆಯ ಮೂಲೆ ಒರೆಸಿಯೂಬಿಟ್ಟೆ. ಆಗ ಎದುರು ಮನೆಯಲ್ಲಿ ಕುಕ್ಕರ್ ಕೂಗಿತು. ಬಾಗಿಲು ಹಾಕಿಕೊಂಡು ಹಂಸಾಬೆನ್ ತಮ್ಮ ಪಾಡಿಗೆ ಅಡುಗೆ ಮಾಡುತ್ತಿದ್ದರು. ಮಕ್ಕಳ ಆಣೆ ಹಾಕಿಸಿದ್ದೆ ನಾನು.

ತಟ್ಟೆಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಕೆಳಗೆ ಹೋದೆ.

ಸುಮತಿ ಕಿಟಕಿಯ ಹತ್ತಿರ ಕೂತಿದ್ದಳು. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದರು. ಹೇಗೆ ಶುರು ಮಾಡಬೇಕೆಂದು ತೋಚದೆ, "ಸುಮತಿ, ಉಪ್ಪು ಕೊಡ್ತಿದ್ದವಳು ನಾನೇ ಕಣೆ. ನನ್ನ ಕೈ. ನನಗೇ ಗೊತ್ತಿಲ್ಲದೆ," ಎಂದು ಒಂದೇ ಉಸಿರಿನಲ್ಲಿ ಹೇಳಿ ಅಳಲು ಶುರುಮಾಡಿದೆ.

ಅವಳು ಬೆಚ್ಚಲಿಲ್ಲ. "ನಂಗೆ ಗೊತ್ತುಂಟು ಅಕ್ಕ," ಎಂದಳು.

ಅಳು ಅಲ್ಲೇ ನಿಂತಿತು. "ಗೊತ್ತುಂಟಾ?"

"ಮೊದಲ ದಿನವೇ ಗೊತ್ತಾಯ್ತು. ಮೂಲೆಯಲ್ಲಿ ಇಷ್ಟು ಉಪ್ಪು ಉಂಟು. ನೀವು ಮರೆತು ಇಟ್ಟದ್ದು ಅಂತ ತಿಳಿಯಿತು. ಹೇಳ್ಬೇಕಿತ್ತು. ಹೇಳಿದ್ರೆ ನಾಳೆಯಿಂದ ಇಡುದಿಲ್ಲ ಅಲ್ವಾ?" ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಊರಿನ ಡಾಕ್ಟ್ರೂ ಬೇಡ ಅಂದಿದ್ರು. ಎರಡು ತಿಂಗಳಾಗಿತ್ತು ಅಕ್ಕ, ನಾಲಿಗೆ ಉಪ್ಪು ಕಂಡು. ಒಂದೊಂದು ಕಾಳು ಒಂದೊಂದು ಬಟ್ಟಲಿಗೆ ಹಂಚಿ ಉಣ್ತಿದ್ದೆ. ಎಷ್ಟು ರುಚಿ ಇತ್ತು ಗೊತ್ತುಂಟಾ?"

ನನಗೆ ಸಿಟ್ಟು ಬಂತು. "ಅಲ್ಲವೇ ಮಾರಾಯ್ತಿ, ಉಪ್ಪು ತಿಂದವರು ನೀರು ಕುಡೀಬೇಕು ಅಂತ ಗಾದೆ ಕೇಳಿದ್ದೆ. ನಿನ್ನ ಕಾಲೊಳಗೆ ಆ ನೀರು ನೋಡಬೇಕಾಯ್ತಲ್ಲ! ಡಾಕ್ಟರು ಏನಂದ್ರು ಕೇಳಿಸ್ಲಿಲ್ವಾ? ಸಾಯ್ತೀಯ ನೀನು!"

"ಅದೇ ಅಲ್ವಾ," ಎಂದಳು ಅವಳು, ಮೆತ್ತಗೆ. "ಆಪರೇಶನ್ ಮಾಡಿದ್ರೂ ಏಳ್ತೇನೆ ಅಂತ ಯಾರಿಗೆ ಗೊತ್ತುಂಟು? ಆ ಟೇಬಲ್ ಮೇಲೆ ಹೋಗುದೇ ಆದ್ರೆ, ನಾಲ್ಕು ದಿನ ಬಾಯಿತುಂಬ ಉಂಡು ಹೋಗುವ ಅಂತ ಕಂಡಿತು. ಇವರ ಹತ್ರ ಹೇಳ್ಬೇಡಿ."

ಮೊದಲ ದಿನದಿಂದ ನಾವೆಲ್ಲ ಅವಳ ಹೊಟ್ಟೆಯ ಬಗ್ಗೆ ಮಾತಾಡಿದ್ದೆವು, ತೂಕದ ಬಗ್ಗೆ, ವಾಲ್ವಿನ ಬಗ್ಗೆ. ಹೆದರಿಕೆ ಆಗುತ್ತಾ ಎಂದು ಒಬ್ಬರೂ ಕೇಳಿರಲಿಲ್ಲ. ಬಾಗಿಲು ಮುಚ್ಚಿ, ತಟ್ಟೆ ಇಟ್ಟು, ಒಬ್ಬಳನ್ನೇ ಬಿಟ್ಟು ಬರುತ್ತಿದ್ದೆವು. ನಾನು ಅವಳ ಪಕ್ಕದಲ್ಲಿ ಕೂತು ಆ ಊದಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಬೆರಳಿನಿಂದ ಮೆಲ್ಲಗೆ ನೀವಿದೆ. ಆಮೇಲೆ ಅವಳೇ, "ಊಟ ಎಲ್ಲಿ?" ಎಂದಳು. ಇಬ್ಬರಿಗೂ ನಗು ಬಂತು.

ಹಂಸಾಬೆನ್ ಬಾಗಿಲು ತೆರೆದಾಗ ಕಾಲಿಗೆ ಬೀಳುವುದಕ್ಕೇ ಬಗ್ಗಿದೆ. ಅವರು ಹಿಂದೆ ಜಿಗಿದರು. ವಿಷಯ ಹೇಳಿದೆ. ಅವರು ಕೈ ಒರೆಸಿಕೊಂಡು, "ನನ್ನ ಮಕ್ಕಳ ಆಣೆ ವಾಪಸು ತಗೊಳ್ಳಿ," ಎಂದರು. "ತಗೊಂಡೆ," ಎಂದೆ. "ಹಾಗಲ್ಲ, ಮಕ್ಕಳ ಹೆಸರು ಹೇಳಿ ತಗೊಳ್ಳಿ." ಮೂರು ಮಕ್ಕಳ ಹೆಸರೂ ಹೇಳಿ ಆಣೆ ವಾಪಸು ಪಡೆದೆ. ಆಮೇಲೆ ಅವರು ಅತ್ತರು. ಗಂಗಕ್ಕನಿಗೆ ಸುದ್ದಿ ತಲುಪಿದ್ದು ಹೇಗೋ ಗೊತ್ತಿಲ್ಲ, ಸಂಜೆಯಷ್ಟರಲ್ಲಿ ಕಾಂಪೌಂಡಿನ ಗೋಡೆಯ ಮೇಲಿಂದ ತಲೆ ಬಂತು. "ಏನ್ ವೈನಿ, ಪೊಲೀಸ್ನೋರ ಮನಿಯಾಗಽ ಕಳ್ಳ ಸಿಕ್ಕನಂತ!"

ಟೀಚರ್ ಮಾತ್ರ ಬೈಯಲಿಲ್ಲ, ನಗಲಿಲ್ಲ. "ಮೋಳೇ, ನಾಳೆಯಿಂದ ನಾವೂ ಅವಳ ಜೊತೆ ಉಣ್ಣೋಣ," ಎಂದರು. "ಅವಳ ತಟ್ಟೆಯಲ್ಲಿ ಏನಿದೆಯೋ ಅದೇ. ಉಪ್ಪಿಲ್ಲದೆ."

ಹೇಳುವುದು ಸುಲಭ. ಮೊದಲ ದಿನ ಹಿಂಬದಿಯ ಕೋಣೆಯಲ್ಲಿ ಐದು ತಟ್ಟೆ ಸುತ್ತ ಇಟ್ಟುಕೊಂಡು ಕೂತಾಗ ನಮ್ಮ ಮುಖಗಳನ್ನು ನೋಡಬೇಕಿತ್ತು. ಗಂಗಕ್ಕ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ, "ಶಿವನೇ, ಗೋಡಿ ಸುಣ್ಣ ತಿಂದಂಗ ಆಗ್ಲಿಕ್ಕತ್ತದ," ಎಂದರು. ಸುಮತಿ ಬಿದ್ದು ಬಿದ್ದು ನಕ್ಕಳು. ನೋಡುತ್ತಾ ಕೂತವರೆದುರು ಉಣ್ಣಲಾಗದವಳು, ಉಣ್ಣಲಾಗದೆ ಒದ್ದಾಡುತ್ತಿದ್ದ ನಮ್ಮನ್ನು ನೋಡುತ್ತಾ ಉಂಡಳು. ನಾಲಿಗೆಗೆ ಕಷ್ಟವಾದಾಗಲೇ ಬುದ್ಧಿ ಓಡುವುದು. ನಾಲ್ಕು ದಿನದೊಳಗೆ ಎಲ್ಲರ ಬಟ್ಟಲೂ ಬದಲಾದವು. ನಿಂಬೆ, ಶುಂಠಿ, ಕಾಳುಮೆಣಸು, ಹುರಿದ ಎಳ್ಳು. ಗೋವಿಂದಣ್ಣ ಊರಿನಿಂದ ತರಿಸಿದ ಪುನರ್ಪುಳಿಯ ಹುಳಿ. ಟೀಚರ್‌ರ ಹಾಗಲಕಾಯಿಗೆ ಉಪ್ಪಿನ ಹಂಗೇ ಇರಲಿಲ್ಲ. ಅದರ ಕಹಿಯೇ ತಟ್ಟೆಯನ್ನು ಎತ್ತಿಹಿಡಿಯಿತು. ನಾನು ಎರಡು ಸಲ ಹಾಕಿಸಿಕೊಂಡೆ, ತಿಥಿಯ ಮಾತೆತ್ತದೆ.

ಶನಿವಾರ ಕೊಚ್ಚಿಯಿಂದ ಬಂದ ಯಜಮಾನರಿಗೂ ಅದೇ ಬಡಿಸಿದೆ. ಒಂದು ತುತ್ತು ಉಂಡು, ಕೈ ತಟ್ಟೆಯಲ್ಲೇ ಇಟ್ಟುಕೊಂಡು ಕೇಳಿದರು. "ಸಾರಿಗೆ ಏನೋ ಮರೆತಿದ್ದೀಯ."

"ಮರೆತಿಲ್ಲ. ನೆನಪಿಟ್ಟುಕೊಂಡು ಬಿಟ್ಟಿದ್ದೀನಿ. ಉಣ್ಣಿ."

ವರ್ಷಗಟ್ಟಲೆ ಸರ್ಕಾರಿ ನೌಕರಿ ಮಾಡಿದವರು, ಮೇಲಿನ ಆದೇಶ ಎಂದು ಗೊತ್ತಾದರೆ ಪ್ರಶ್ನೆ ಕೇಳುವುದಿಲ್ಲ. ಉಂಡರು.

ಡಾಕ್ಟರು ಕೊಟ್ಟ ಗುಳಿಗೆಯಿಂದ ಕಾಲಿನ ನೀರು ಇಳಿಯಿತು. ಇಳಿದ ಮೇಲೆ ನೋಡಿದರೆ ಸುಮತಿಯ ತೂಕ ಬಂದ ದಿನಕ್ಕಿಂತಲೂ ಕಡಿಮೆ. ಆದರೆ ಮುಂದಿನ ತೂಕದಲ್ಲಿ ಅರ್ಧ ಕಿಲೋ, ಅದರ ಮುಂದಿನದಕ್ಕೆ ಇನ್ನೊಂದು. ಪ್ರತಿ ಸಲವೂ ಡಾಕ್ಟರು ಮೊದಲು ಹೆಬ್ಬೆರಳು ಒತ್ತುತ್ತಿದ್ದರು. ಗುಳಿ ಬೀಳಲಿಲ್ಲ. ಕರ್ಕಟಕ ಮಾಸದ ಕಪ್ಪು ಮಳೆ ಹೋಗಿ ಓಣಂನ ಬಿಸಿಲು ಬಂತು, ಟೀಚರ್ ಅಂಗಳದಲ್ಲಿ ಹೂವಿನ ರಂಗೋಲಿ ಹಾಕಿದರು, ಓಣಂನ ಎಲೆಯ ಇಪ್ಪತ್ತೊಂದು ಪದಾರ್ಥವನ್ನೂ ಉಪ್ಪಿಲ್ಲದೆ ಮಾಡಿ ಇಡೀ ಬೀದಿಯ ಬಾಯಲ್ಲಿ ಹುಚ್ಚಿ ಅನ್ನಿಸಿಕೊಂಡರು. ಅದರ ಮುಂದಿನ ವಾರಕ್ಕೆ ತಾರೀಖು ಸಿಕ್ಕಿತು.

ಆಪರೇಶನ್ನಿನ ದಿನ ಬೆಳಗ್ಗೆಯೇ ಸುಮತಿಯನ್ನು ಒಳಗೆ ಒಯ್ದರು. ನಾವು ನಾಲ್ವರೂ ಗೋವಿಂದಣ್ಣನೂ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕೂತೆವು. ಹನ್ನೆರಡೂವರೆ ಆಯಿತು. ತಿಂಗಳುಗಟ್ಟಲೆ ಆ ಹೊತ್ತಿಗೆ ಕೈಯಲ್ಲಿ ಬಟ್ಟಲು ಹಿಡಿದು ರೂಢಿಯಾದವರಿಗೆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹಂಸಾಬೆನ್ ಜಪಮಣಿ ಎಣಿಸಿದರು, ಗಂಗಕ್ಕ ತಮ್ಮ ಬಳೆಗಳನ್ನು. ಮೂರು ಗಂಟೆಗೆ ಡಾಕ್ಟರು ಹೊರಗೆ ಬಂದು, ಕೆಲಸ ಚೆನ್ನಾಗಿ ಆಗಿದೆ, ಆದರೆ ಕಣ್ಣು ಬಿಡುವವರೆಗೆ ಏನೂ ಹೇಳಲಾರೆ ಎಂದರು. ಅವತ್ತು ನಾಲ್ಕು ಮನೆಯಲ್ಲೂ ಗಂಡಸರು, ಮಕ್ಕಳು ಬ್ರೆಡ್ಡು ತಿಂದರು. ಮರುದಿನ ಬೆಳಗ್ಗೆ ನಾವು ಮತ್ತೆ ಅದೇ ಬೆಂಚಿನಲ್ಲಿ. ಗೋವಿಂದಣ್ಣ ಅಲ್ಲಿಂದ ಎದ್ದೇ ಇರಲಿಲ್ಲ. ತಂದುಕೊಟ್ಟ ಚಹಾ ಕೆನೆಗಟ್ಟಿ ಪಕ್ಕದಲ್ಲೇ ಇತ್ತು.

ಹನ್ನೊಂದು ಗಂಟೆಗೆ ಬಾಗಿಲು ಸ್ವಲ್ಪ ತೆರೆಯಿತು. ಒಬ್ಬಳು ಚಿಕ್ಕ ನರ್ಸು ತಲೆ ಹೊರಗೆ ಹಾಕಿ, "ಸುಮತಿಯುಡೆ ಆಳುಗಳ್?" ಎಂದಳು. ಸುಮತಿಯ ಕಡೆಯವರು ಯಾರು ಎಂದು. ಐದೂ ಜನ ಎದ್ದು ನಿಂತೆವು. ಅವಳಿಗೆ ಗಾಬರಿಯಾಯಿತು.

"ಕಣ್ಣು ಬಿಟ್ಟರು," ಎಂದಳು. "ಗಂಟಲಿನ ನಳಿಗೆ ಈಗ ತೆಗೆದೆವು. ಮಾತಾಡಬಾರದು ಅಂದರೂ ಕೇಳುತ್ತಿಲ್ಲ. ಹೊರಗಿರುವವರ ಊಟ ಆಯಿತಾ ಅಂತ ಕೇಳುತ್ತಿದ್ದಾರೆ. ಉತ್ತರ ತಂದುಕೊಡು ಅಂತ ನನ್ನನ್ನು ಕಳಿಸಿದರು."

ಗೋವಿಂದಣ್ಣ ಕೆನೆಗಟ್ಟಿದ ಚಹಾದ ಕಡೆ ನೋಡಿದರು. ಕೋರ್ಟಿನಲ್ಲಿ ಅಷ್ಟು ವರ್ಷ ಸಾಕ್ಷಿ ಹೇಳಿಕೆ ಬರೆದುಕೊಂಡವರು, ಸುಳ್ಳು ಹೇಳಲು ಬರುತ್ತಿರಲಿಲ್ಲ ಪಾಪ. ಆ ಕೆಲಸಕ್ಕೆ ನಾನಿದ್ದೆನಲ್ಲ.

"ಆಯ್ತು ಅಂತ ಹೇಳು ಮೋಳೇ," ಎಂದೆ. "ಎಲ್ಲರದೂ ಆಯ್ತು. ಹೊಟ್ಟೆತುಂಬ."

ಅವಳು ಬಾಗಿಲು ಹಾಕಿಕೊಂಡು ಒಳಗೆ ಹೋದಳು. ನಾವು ಐವರೂ ಮೆಟ್ಟಿಲಿಳಿದು ನೇರ ಆಸ್ಪತ್ರೆಯ ಕ್ಯಾಂಟೀನಿಗೆ ನಡೆದೆವು, ಆಡಿದ ಸುಳ್ಳು ತಣ್ಣಗಾಗುವ ಮುಂಚೆ ಅದನ್ನು ನಿಜ ಮಾಡಲು. ಊಟ ತಯಾರಾಗಲು ಇನ್ನೂ ಅರ್ಧ ಗಂಟೆ ಎಂದ ಬಡಿಸುವವನಿಗೆ ಟೀಚರ್ ತಮ್ಮ ಲೆಕ್ಕದ ಕ್ಲಾಸಿನ ಕಣ್ಣು ಬಿಟ್ಟರು. ತಟ್ಟೆ ಬಂದವು. ಗೋವಿಂದಣ್ಣ ಮೊದಲ ತುತ್ತನ್ನು ಬಹಳ ಹೊತ್ತು ಅಗಿದರು. ಆಮೇಲೆ ಅನ್ನ ಹಾಕಿಸಿಕೊಂಡರು. ಆಮೇಲೆ ಇನ್ನೊಂದು ಸಲ. ಗಂಗಕ್ಕ ತಮ್ಮ ಹಪ್ಪಳವನ್ನು ಸದ್ದಿಲ್ಲದೆ ಎತ್ತಿ ಅವರ ತಟ್ಟೆಗೆ ಇಟ್ಟರು.